ಬೀಳುವ ಚಿತ್ರ

ಸಂಜೆ ತಂಗಿ ಚಂಪಾ ಗೇಮ್ ಮಷೀನಿನಲ್ಲಿ ಕೆಲಸ ಮುಗಿಸಿ ಮನೆಗೆ ಬಂದಳು.

ಆ ಮಷೀನಿನ ಹೊಡೆದಾಟದ ಗೇಮಿಗೆ ಪಾತ್ರವಾಗಿ ಮೊದಲು ಬರೆದದ್ದು ನನ್ನನ್ನು. ಆಮೇಲೆ ನನ್ನನ್ನು ಕೈಬಿಟ್ಟರು. ನನ್ನದೇ ಮೈಕಟ್ಟಿಗೆ ಕೆಂಪು ಸೀರೆ ಉಡಿಸಿ ಇವಳನ್ನು ಮಾಡಿದರು. ಒದೆತ ನನ್ನದು, ಚಪ್ಪಾಳೆ ಇವಳದು. ಸೋತು ಬೀಳುವ ಚಿತ್ರವನ್ನು ಮಾತ್ರ ಯಾರೂ ಬದಲಿಸಲಿಲ್ಲ. ಇವಳು ಸೋತರೆ ಪರದೆಯ ಮೇಲೆ ಬೀಳುವುದು ಹಸಿರು ಸೀರೆಯ ನಾನು. ಎರಡು ಕ್ಷಣ ಜನ ನನ್ನನ್ನು ನೋಡುತ್ತಾರೆ. ಆಗ ಇಲ್ಲಿ ಮನೆಯಲ್ಲಿ ನನ್ನ ಬೆನ್ನು ನೋಯುತ್ತದೆ.

"ಅಕ್ಕಾ, ಬೆನ್ನ ಹೆಂಗೈತಿ?"

"ಇವತ್ತ ನೋಯ್ಲೇ ಇಲ್ಲ."

"ನಿನ್ನ ಸಲುವಾಗಿ ಒಂದ ಸಲನೂ ಸೋತಿಲ್ಲ ನೋಡ," ಎಂದು ನಕ್ಕಳು.

ಅಂದರೆ ಇಡೀ ದಿನ ನನ್ನನ್ನು ಯಾರೂ ನೋಡಿಲ್ಲ.

ಮರುದಿನ ಇವಳು ಹೊರಟಾಗ ಇವಳ ಅಂಗಾಲಿಗೆ ನಾನೇ ಎಣ್ಣೆ ತಿಕ್ಕಿದೆ, ಕಾಲು ಜಾರುವಷ್ಟು.