ಅಡ್ಡಗೆರೆ

"ಶಂಕ್ರೆವ್ವ, ಪೇಡೆ ಛಲೋ ಅವ. ಸೀರಿ ಮಾತ್ರ ಪಾಸ್ ಆಗೂದಿಲ್ಲ ನೋಡವಾ," ಎಂದು ವಾಸುದೇವರಾಯರು ಬೆರಳು ಒರೆಸಿಕೊಂಡು ಸೀರೆಯನ್ನು ಮೇಜಿನ ಆಚೆ ಬದಿಗೆ ಸರಿಸಿದರು.

ಶಂಕ್ರೆವ್ವನ ಮುಖ ಸಣ್ಣದಾಯಿತು. ಕುಣಿಮಗ್ಗದಲ್ಲಿ ಕಾಲಿಳಿಸಿ ಕೂತು ಒಂದು ತಿಂಗಳು ನೇಯ್ದ ಸೀರೆ ಅದು. ಬನಹಟ್ಟಿಯ ಈ ನೇಕಾರರ ಸಂಘದಿಂದ ಬೆಳಗಾವಿಯ ಪ್ರದರ್ಶನಕ್ಕೆ ಹೋಗುವುದು ಒಂದೇ ಒಂದು ಸೀರೆ, ಅದೂ ನೇಯ್ದವರ ಹೆಸರಿನ ಚೀಟಿಯೊಂದಿಗೆ. ಮೂವತ್ತು ವರ್ಷ ನೇಯ್ದರೂ ತನ್ನ ಹೆಸರನ್ನು ಸೀರೆಯ ಮೇಲೆ ಅವಳು ಕಂಡಿರಲಿಲ್ಲ. ಆರಿಸಲು ಇವತ್ತೇ ಕೊನೆಯ ದಿನ, ಆರಿಸುವವರು ರಾಯರು. ಅವರ ಕಣ್ಣು ತಪ್ಪಿಸಿ ಒಂದು ಎಳೆಯೂ ಹೊರಗೆ ಹೋಗುವುದಿಲ್ಲವೆಂದು ಊರಿಗೆಲ್ಲ ಗೊತ್ತು. ಊರಿಗೆ ಹಾಗೆಂದು ಹೇಳಿದವರೂ ಬಹುಮಟ್ಟಿಗೆ ರಾಯರೇ.

"ಏನ್ ತಪ್ಪಾಗೇತ್ರಿ ರಾಯರ?"

ರಾಯರು ಎಳೆ ಎಣಿಸುವ ಭೂತಗನ್ನಡಿಯನ್ನು ಸೆರಗಿನಿಂದ ಒಂದು ಗೇಣು ಕೆಳಗಿಟ್ಟರು. "ಇಲ್ಲಿ ನೋಡು. ಕೂದಲಿನಷ್ಟು ಸಣ್ಣ ಅಡ್ಡಗೆರಿ. ನಡುವ ಮಗ್ಗ ಬಿಟ್ಟು ಎದ್ದೀದಿ. ಅಲ್ಲೀತನಕ ದಣದ ಕೈ, ಅಲ್ಲಿಂದ ಮುಂದ ಹೊಸಾ ಕೈ."

"ಎದ್ದದ್ದು ಖರೇರಿ. ಮಗಳು ಪೂನಮ್‌ಗ ಬ್ಯಾನಿ ಸುರು ಆತು, ಜಮಖಂಡಿ ದವಾಖಾನಿಗೆ ಓಡಿದ್ನಿ. ಮೊಮ್ಮಗಳ ಮಾರಿ ನೋಡಿ, ಮೂರು ದಿನಕ್ಕ ಬಂದು ಮತ್ತ ಕುಂತ್ನಿ. ಅದರ ಪೇಡೇನ ಈಗ ನೀವು ತಿಂದದ್ದು."

ಮೊಮ್ಮಗಳು ನೂರು ವರ್ಷ ಬಾಳಲಿ ಎಂದು ರಾಯರು ಹರಸಿದರು. ಆದರೆ ಪೇಡೆ ಬೇರೆ, ಪಾಸು ಬೇರೆ. ಸಮಾಧಾನ ಮಾಡಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ಕಿಟಕಿಯಲ್ಲಿದ್ದ ಹಳೆಯ ಸಿ.ಡಿ. ಪ್ಲೇಯರ್. ಪೋಲೆಂಡಿನ ಇಪ್ಪತ್ತರ ಹುಡುಗನೊಬ್ಬ ಎಂದೋ ಬರೆದಿಟ್ಟ ಪಿಯಾನೊ ಕಾನ್ಸರ್ಟೊ ಎಂಬ ವಾದ್ಯಮೇಳದ ಕೃತಿಯೊಂದರ ಮೇಲೆ ರಾಯರಿಗೆ ಜೀವ. ಅದನ್ನು ನಾಲ್ಕು ಜನ ನುಡಿಸಿದ ನಾಲ್ಕು ಡಿಸ್ಕುಗಳು ಅವರಲ್ಲಿದ್ದವು. ಯಾರು ಕೈಗೆ ಸಿಕ್ಕರೂ ಕೂರಿಸಿಕೊಂಡು ನಾಲ್ಕನ್ನೂ ಹೋಲಿಸಿ ತೋರಿಸುವರು. ಹಾಗಾಗಿ ಸಂಘದವರು ಈ ಕೋಣೆಗೆ ಬಂದರೆ ಬಾಗಿಲಲ್ಲೇ ನಿಂತು ಮಾತು ಮುಗಿಸುತ್ತಿದ್ದರು.

"ಕೇಳಿಲ್ಲೆ. ಡಿಸೈನ್ ಒಂದೇ, ನೇಯಾವರು ಬ್ಯಾರೆ ಬ್ಯಾರೆ ಅಂತ ತಿಳಕೋ," ಎನ್ನುತ್ತ ರಾಯರು ಒಂದೊಂದೇ ಡಿಸ್ಕಿನಿಂದ ಅದೇ ನಿಧಾನದ ಭಾಗವನ್ನು ಹಚ್ಚಿದರು. "ಈಕಿ ಜಪಾನದಾಕಿ, ಭಾಳ ಅವಸರ. ಇವ ರಶಿಯಾದಾವ, ಪಿಯಾನೊಕ್ಕ ಗುದ್ದೇ ಮಾತಾಡಸ್ತಾನ. ಈಕಿ ಫ್ರಾನ್ಸಿನಾಕಿ, ಛಂದ ನುಡಸ್ತಾಳ, ಆದರ ನಡುನಡುವ ಕನ್ನಡಿ ನೋಡ್ಕೋತಾಳ. ಇನ್ನ ಈ ಹಂಗೇರಿ ಮುದುಕ! ಕುಂತ್ರ ಕುಂತ. ಮೊದಲಿಂದ ಕಡೀತನಕ ಒಂದೇ ಉಸುರು. ಹುಡುಕಿದ್ರೂ ಒಂದು ಅಡ್ಡಗೆರಿ ಸಿಗೂದಿಲ್ಲ."

ಶಂಕ್ರೆವ್ವ ಕಣ್ಣು ಮುಚ್ಚಿ ಕೂತಿದ್ದಳು. ಈ ಕೋಣೆಯಲ್ಲಿ ಕಣ್ಣು ಮುಚ್ಚಿದವರು ಹಿಂದೆಯೂ ಇದ್ದರು, ಆದರೆ ನಿದ್ದೆ ಹೋಗದವಳು ಇವಳೇ ಮೊದಲು. ಮಗ್ಗ ತುಳಿಯುವಂತೆ ಅವಳ ಪಾದಗಳು ನೆಲವನ್ನು ಮೆಲ್ಲಗೆ ಮೆಟ್ಟುತ್ತಿದ್ದವು. ರಾಯರಿಗೆ ಹಿಗ್ಗೋ ಹಿಗ್ಗು. ಇದ್ದಕ್ಕಿದ್ದಂತೆ ಪಾದಗಳು ನಿಂತವು.

"ಇಲ್ಲಿ ಎದ್ದಾನ್ರಿ."

"ಯಾರು?"

"ನಿಮ್ಮ ಮುದುಕ. ಇಲ್ಲೀಮಟ ದಣದ ಕೈ ಇತ್ರಿ. ಈಗ ನೋಡ್ರಿ, ನಿದ್ದಿ ತಗದು, ಮಾರಿ ತೊಳಕೊಂಡು ಬಂದು ಕುಂತಾನ."

"ಏನರ ಮಾತಾಡಬ್ಯಾಡ! ಇಪ್ಪತ್ತು ವರ್ಷ ಕೇಳೀನಿ ನಾ ಇವನ್ನ."

"ನಾ ಸುಳ್ಳ್ಯಾಕ ಹೇಳ್ಲಿ? ಜಪಾನದಾಕಿ ಎದ್ದಿಲ್ಲ, ಆಕಿ ಪಾಪ ಒಂದೇ ಸಮ ದುಡದಾಳ. ಇವ ಎದ್ದಾನ್ರಿ."

ರಾಯರು ಸಿಡಿಮಿಡಿಗೊಂಡು ಡಿಸ್ಕಿನ ಕವಚವನ್ನು ಎತ್ತಿಕೊಂಡರು. ಮುದುಕನ ಹೆಸರಿನ ಆಚೆಗೆ ಅದರಲ್ಲಿ ಅವರು ಏನನ್ನೂ ಓದಿರಲಿಲ್ಲ. ಹಿಂಬದಿಯಲ್ಲಿ ಇರುವೆ ಸಾಲಿನಂತಹ ಅಕ್ಷರಗಳು. ಕಣ್ಣು ಕಿರಿದು ಮಾಡಿದರೂ ಆಗಲಿಲ್ಲ, ದೂರ ಹಿಡಿದರೂ ಆಗಲಿಲ್ಲ. ಶಂಕ್ರೆವ್ವನೇ ಭೂತಗನ್ನಡಿಯನ್ನು ಅವರತ್ತ ಸರಿಸಿದಳು. ಅದನ್ನಿಟ್ಟು ನೋಡಿದರೆ, ಧ್ವನಿಮುದ್ರಣವಾದ ದಿನಗಳು ಜೂನ್ ಹನ್ನೊಂದು ಮತ್ತು ಹದಿನಾಲ್ಕು.

ರಾಯರು ಅದೇ ಭಾಗವನ್ನು ಮತ್ತೆ ಹಚ್ಚಿದರು. ಈ ಸಲ ಅವರಿಗೂ ಕೇಳಿತು, ದಣಿದ ಕೈಗೂ ಹೊಸ ಕೈಗೂ ನಡುವೆ ಕೂದಲಿನಷ್ಟು ಸಣ್ಣ ಗೆರೆ. ಇಷ್ಟು ವರ್ಷ ಎಷ್ಟು ಜನರ ಮುಂದೆ ಎದೆ ತಟ್ಟಿ ಹೇಳಿದ್ದರು! ಆದರೆ ಮುದುಕ ಬಿಟ್ಟ ಕಡೆಯಿಂದಲೇ ಎತ್ತಿಕೊಂಡು ಮುಂದೆ ನಡೆದ. ಪ್ರತಿಸಲ ಎಲ್ಲಿ ಕಣ್ಣು ತುಂಬುತ್ತಿದ್ದವೋ ಅಲ್ಲಿಯೇ ರಾಯರ ಕಣ್ಣು ಈ ಸಲವೂ ತುಂಬಿದವು. ಅದಾದ ಮೇಲೆ ಅವರಿಗೆ ತಮ್ಮ ಮೇಲೆಯೇ ನಗು ಬಂತು.

ಅವರು ಸೀರೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. ಭೂತಗನ್ನಡಿ ಮುಟ್ಟದೆ, ಸೆರಗನ್ನು ಪೂರ್ತಿ ಬಿಡಿಸಿ, ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಪ್ರದರ್ಶನದ ಚೀಟಿಯಲ್ಲಿ 'ನೇಯ್ದವರು: ಶಂಕ್ರೆವ್ವ' ಎಂದು ದುಂಡಗೆ ಬರೆದು, ಮುದ್ರೆ ಒತ್ತಿ, ಇನ್ನೊಂದು ಪೇಡೆ ಬಾಯಿಗೆ ಹಾಕಿಕೊಂಡರು.

"ನೀ ಹೇಳಿದ್ದು ಖರೆ ಅದ. ಹನ್ನೊಂದಕ್ಕ ಎದ್ದು ಹೋಗ್ಯಾನ, ಹದಿನಾಲ್ಕಕ್ಕ ಬಂದು ಕುಂತಾನ. ಮೂರು ದಿನ!"

ಶಂಕ್ರೆವ್ವ ಚೀಟಿಯ ಮೇಲಿನ ತನ್ನ ಹೆಸರನ್ನು ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದವಳು ತಲೆಯೆತ್ತಿದಳು.

"ಅಯ್ಯ! ಅವಗೂ ಮೊಮ್ಮಗಳು ಹುಟ್ಟಿದ್ಲೇನ್ರಿ?"