ಬೈಗುಳದ ಸಾಕ್ಷಿ

"ಒರೆಸಿದ ನೆಲದ ಮೇಲೆ ಚಪ್ಪಲಿ ಕಾಲಲ್ಲಿ ಬರಬೇಡಿ ಅಂತ ಎಷ್ಟು ಸಲ ಬಡ್ಕೋಬೇಕು? ಕಿವಿಗೆ ಹತ್ತಿ ಇಟ್ಕೊಂಡಿದ್ದೀರಾ?"

ಕೂಗಿದವಳು ಹೊರದೇಶದ ಹೆಂಡತಿ. ಬೈಸಿಕೊಂಡವನು ಬಡಗಿ ಗಂಡ. ಜಾಗ ಮಾತ್ರ ಮನೆಯಲ್ಲ, ವಲಸೆ ಕಚೇರಿ. ಮೇಜಿನ ಆಚೆ ಕೂತಿದ್ದ ಅಧಿಕಾರಿ ತನಗರಿವಿಲ್ಲದೆ ತನ್ನ ಕಾಲುಗಳನ್ನು ಕುರ್ಚಿಯಡಿಗೆ ಎಳೆದುಕೊಂಡ.

ಕಳೆದ ಸಲ ಈ ಜೋಡಿ ಬಂದಾಗ ಅವನಿಗೆ ಅನುಮಾನ ಹುಟ್ಟಿತ್ತು. ಯಾರು ಯಾವ ಮಗ್ಗುಲಿಗೆ ಮಲಗುತ್ತಾರೆ, ಯಾರಿಗೆ ಖಾರ ಆಗದು ಎಂದು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಕೇಳಿದರೂ ಒಂದೇ ಉತ್ತರ. ಒಬ್ಬರ ಮೇಲೊಬ್ಬರಿಗೆ ಒಂದು ದೂರೂ ಇಲ್ಲ. ಇದು ಸಂಸಾರವಲ್ಲ, ಪರವಾನಗಿಗಾಗಿ ಹೂಡಿದ ನಾಟಕ ಎಂದುಕೊಂಡಿದ್ದ. ಇವತ್ತು ಕೊನೆಯ ಅವಕಾಶ. ಕಾಯಂ ವಾಸದ ಪರವಾನಗಿ ಸಿಗದಿದ್ದರೆ ಅವಳು ಗಂಡನನ್ನು ಬಿಟ್ಟು ತನ್ನ ದೇಶಕ್ಕೆ ಹೊರಡಬೇಕು.

ಅವನು ಕೇಳಿದ್ದು ಇಷ್ಟೇ: "ಮನೆಗೆಲಸ ಯಾರು ಮಾಡ್ತೀರಿ?"

"ಇಬ್ಬರೂ" ಎಂದಿದ್ದ ಬಡಗಿ. ಅಷ್ಟೇ ಸಾಕಾಯಿತು.

"ಇಬ್ಬರೂ ಅಂತೆ! ಒದ್ದೆ ಟವಲ್ ಹಾಸಿಗೆ ಮೇಲೆ. ಕೇಳಿದ್ರೆ, ಆಫೀಸಿಂದ ಸುಸ್ತಾಗಿ ಬಂದಿದ್ದೀನಿ ಅಂತ ರಾಗ!"

ಬಡಗಿ ಮೇಜಿನಡಿ ಹೆಂಡತಿಯ ಕಾಲನ್ನು ಮೆಲ್ಲಗೆ ಒತ್ತಿದ. ಅವಳು ನಿಲ್ಲಿಸಲಿಲ್ಲ.

"ಹೊರಗೆ ಹುಲಿ, ಮನೇಲಿ ಇಲಿ!"

ಅವಳ ಉಚ್ಚಾರಣೆ ಅಲ್ಲಲ್ಲಿ ಎಡವುತ್ತಿತ್ತು, ಬೈಗುಳ ಎಡವಲಿಲ್ಲ. ಅಧಿಕಾರಿಯ ಮುಖ ಬಾಡಿತು. ಮುದ್ದಿನ ಮಾತನ್ನು ಯಾವ ಪುಸ್ತಕ ಓದಿಯಾದರೂ ಕಲಿಯಬಹುದು, ಇಂಥ ಮಾತು ಸಂಸಾರ ಮಾಡದವರ ಬಾಯಲ್ಲಿ ಬರುವುದಿಲ್ಲ. ಇದರಲ್ಲಿ ಅವನಿಗೆ ಸ್ವಂತ ಅನುಭವವಿತ್ತು.

"ಸಾಕಮ್ಮಾ, ನಂಬಿದೆ" ಎಂದು ಹಣೆ ಒರೆಸಿಕೊಂಡು ಮುದ್ರೆ ಒತ್ತಿದ. ಬಡಗಿಯ ಕೈಕುಲುಕುವಾಗ ದನಿ ತಗ್ಗಿಸಿದ. "ಸಹಿಸ್ಕೊಳ್ಳಿ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

ಹೊರಗೆ ಮೆಟ್ಟಿಲ ಮೇಲೆ ಅವಳು ಅಳತೊಡಗಿದಳು.

"ನಿಮಗೆ ಬೇಜಾರಾಯ್ತಾ? ನನಗೆ ಬೈಯೋಕೆ ಬಾಯೇ ಬರ್ತಾ ಇರ್ಲಿಲ್ಲ."

"ಇಲ್ಲ ಕಣೇ. ಚೆನ್ನಾಗೇ ಬೈದೆ" ಎಂದು ಅವನು ಅವಳ ಕಣ್ಣೊರೆಸಿದ.

ಮದುವೆಯಾದಾಗಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಗದರಿದ್ದೇ ಇಲ್ಲ. ಅಂಥ ಸಂಸಾರವೂ ಇದೆಯೆಂದು ಯಾರೂ ನಂಬದಿದ್ದರೆ ಅವರಾದರೂ ಏನು ಮಾಡಿಯಾರು? ಇನ್ನು ಅವಳು ಎಲ್ಲಿಗೂ ಹೋಗಬೇಕಿಲ್ಲ.

ಅವಳು ಕೂದಲು ಕತ್ತರಿಸುವ ಕೆಲಸ ಮಾಡುತ್ತಿದ್ದ ಪಾರ್ಲರಿಗೆ ತಪ್ಪದೆ ಬರುವ ಗಿರಾಕಿ ಒಬ್ಬಳಿದ್ದಳು. ಕುರ್ಚಿಯಲ್ಲಿ ಕೂತ ಕೂಡಲೇ ತನ್ನ ಮನೆಯ ಕಷ್ಟ ಬಿಚ್ಚುವವಳು. ಮೊದಲ ಸಂದರ್ಶನ ಕೆಟ್ಟ ಕಥೆ ಕೇಳಿ, ಬಿದ್ದುಬಿದ್ದು ನಕ್ಕು, ಜಗಳದ ಪಾಠ ಹೇಳಿಕೊಟ್ಟವಳು ಅವಳೇ. ಹೆಂಡತಿ ಕಣ್ಣೀರು ಆರುವ ಮುಂಚೆಯೇ ಅವಳಿಗೆ ಫೋನ್ ಹಚ್ಚಿದಳು.

"ಅಕ್ಕಾ, ನೀವು ಹೇಳ್ಕೊಟ್ಟ ಹಾಗೇ ಬೈದೆ. ನಿಮ್ಮ ಯಜಮಾನ್ರು ತುಟಿ ಪಿಟಕ್ ಅನ್ನದೆ ಮುದ್ರೆ ಒತ್ತಿಬಿಟ್ರು!"