ಸದ್ದಿಲ್ಲದ ಕಾರ್ಡು

ಆಕೆ ಆಟೋದಲ್ಲಿ ಹಾಕಿಕೊಂಡು ತಂದ ಹಳೆಯ ಕಂಪ್ಯೂಟರನ್ನು ಅಂಗಡಿಯವನು ಬಿಚ್ಚಿ ನೋಡಿದ.

"ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಗಿದೆ ಅಮ್ಮ, ಅದರ ಫ್ಯಾನೂ ಸೇರಿ. ಗೇಮ್ ಆಡೋದು ಯಾರು?"

"ಮಗ."

"ಯಾವ ಕಾರ್ಡು ತರೋಕೆ ಹೇಳಿದ?"

"ಏನೂ ಹೇಳಲಿಲ್ಲ. ಇದನ್ನ ತಂದು ರೂಮಿನ ಬಾಗಿಲ ಹೊರಗಿಟ್ಟಿದ್ದ, ಅಷ್ಟೆ." ಆಕೆ ಸ್ಟೂಲಿನ ಮೇಲೆ ಕುಸಿದು ಕೂತರು. "ಹಳೇದು ವಿಪರೀತ ಸದ್ದು ಮಾಡ್ತಿತ್ತಪ್ಪ. ಅಡುಗೆಮನೆವರೆಗೂ ಕೇಳ್ತಿತ್ತು."

ಅಂಗಡಿಯವನಿಗೆ ಅರ್ಥವಾಯಿತು. ಹೊಸ ಕಾರ್ಡೊಂದನ್ನು ಕೂರಿಸಿ ಚಾಲೂ ಮಾಡಿದ. ಆಕೆ ಬಗ್ಗಿ, ಕಿವಿಗೊಟ್ಟು ಕೇಳಿ, ಬೇಡವೆಂದು ತಲೆಯಾಡಿಸಿದರು. ಅದಕ್ಕಿಂತ ದುಬಾರಿಯದನ್ನು ಹಾಕಿದ. ಅದೂ ಬೇಡವಾಯಿತು. ಕೊನೆಗೆ ಗಾಜಿನ ಬೀರುವಿನಿಂದ ಒಂದನ್ನು ತೆಗೆದು ಕೂರಿಸಿದ.

"ಇದಕ್ಕಿಂತ ಸದ್ದು ಕಮ್ಮಿ ಇರೋದು ಊರಲ್ಲೇ ಸಿಗಲ್ಲ. ಓಡ್ತಿದೆ ಅಂತಲೇ ಗೊತ್ತಾಗಲ್ಲ, ನೋಡಿ."

ಆಕೆ ಸುಸ್ತಾದವರಂತೆ ಕಣ್ಣು ಮುಚ್ಚಿಕೊಂಡರು. ಆಮೇಲೆ ರಿಪೇರಿ ಮೇಜಿನ ಮೇಲೆ ಬರ್ರೆಂದು ಅರಚುತ್ತಿದ್ದ ಇನ್ನೊಂದು ಕಂಪ್ಯೂಟರಿನತ್ತ ಬೆರಳು ತೋರಿಸಿದರು.

"ಅದರಲ್ಲಿರೋ ಥರದ್ದು ಕೊಡಪ್ಪ."

"ಅಯ್ಯೋ, ಅದು ಹಳೇ ಮಾಲು ಅಮ್ಮ! ಹಿಟ್ಟಿನ ಗಿರಣಿ ಥರ ಕೂಗತ್ತೆ. ರಾತ್ರಿ ನಿಮಗೆ ನಿದ್ದೆ ಬರೋದು ಬೇಡ್ವಾ?"

"ಅವನು ಬಾಗಿಲು ತೆಗೆಯಲ್ಲ, ಕರೆದ್ರೆ ಹೂಂ ಅನ್ನಲ್ಲ. ಒಳಗಿಂದ ಆ ಸದ್ದು ಕೇಳಿದ್ರೇನೇ ನನಗೆ ನಿದ್ದೆ ಬರೋದು."